ಯಾವ ಮೂಲೆ ಹಿಡ್ಕೊಳ್ಳಲಿ?

"ಅಳಬೇಡ, ಏನೂ ಆಗಲ್ಲ. ನಮ್ಮಮ್ಮ ಆಮೇಲೆ ಸರಿ ಮಾಡ್ತಾಳೆ."

ಸಬೇಲಾಳ ಕಿವಿಯೊಳಗೆ ಈ ಮಾತು ಸಿಕ್ಕಿಹಾಕಿಕೊಂಡುಬಿಟ್ಟಿತ್ತು. ಶಾಲೆಯ ಗೇಟಿನ ಹತ್ತಿರ ಟೀಚರು ಇದನ್ನು ಹೇಳಿ ಇನ್ನೂ ಕಾಲು ಗಂಟೆಯಾಗಿಲ್ಲ, ಅಷ್ಟರಲ್ಲಿ ನೂರು ಸಲ ಕೇಳಿಸಿಕೊಂಡಾಗಿತ್ತು. ಮಾತು ಅವಳ ಮಗಳದು, ಆರು ವರ್ಷದ ಅಂತೀಯಾಳದು. ಹೇಳಿದ್ದು ತರಗತಿಯ ಉಶೀಯಾಗೆ. ಊಟದ ಬಿಡುವಿನಲ್ಲಿ ಅಂತೀಯಾ ಆ ಹುಡುಗಿಯ ಹೆಬ್ಬೆರಳು ಹಿಡಿದು ಹಿಂದಕ್ಕೆ ಬಗ್ಗಿಸಿದ್ದಾಳೆ. ಅದು ಕಿರುಚಿಕೊಂಡರೂ ಬಿಟ್ಟಿಲ್ಲ. ಇಬ್ಬರು ಟೀಚರುಗಳು ಬಂದು ಅವಳ ಮುಷ್ಟಿಯನ್ನು ಒಂದೊಂದೇ ಬೆರಳಾಗಿ ಬಿಡಿಸಬೇಕಾಯಿತು.

"ಅವಳಿಗೆ ಸಿಟ್ಟೂ ಇರ್ಲಿಲ್ಲ ಸಬೇಲಾ. ನಂಗೆ ಭಯ ಆಗಿದ್ದೇ ಅದಕ್ಕೆ," ಎಂದಿದ್ದರು ಟೀಚರು. "ಒಂದು ಕೈಯಲ್ಲಿ ಬೆರಳು ಬಗ್ಗಿಸ್ತಾ, ಇನ್ನೊಂದು ಕೈಯಲ್ಲಿ ಆ ಹುಡುಗಿ ಕಣ್ಣು ಒರೆಸ್ತಾ ಇದ್ಲು."

ಮಾತು ಮುಗಿಯುವಾಗ ಟೀಚರ ಕಣ್ಣು ಸಬೇಲಾಳ ಬಲಗೈ ಮೇಲೆ ಬಂದು ನಿಂತಿತು. ಹೆಬ್ಬೆರಳಿಗೆ ತಗಡಿನ ಪಟ್ಟಿ, ಅದರ ಸುತ್ತ ಬಿಳಿ ಬ್ಯಾಂಡೇಜು.

"ಕಾರ್ಖಾನೇಲಿ ಮಿಷನ್ ಮುಚ್ಚಳ ಬಿತ್ತು," ಎಂದಳು ಸಬೇಲಾ. ಯಾರೂ ಕೇಳಿರಲಿಲ್ಲ.

ಬಂದರಿನ ಕಡೆಯಿಂದ ತಮ್ಮ ಮನೆಯಿದ್ದ ತೆಯಿಸ್ ಕೇರಿಗೆ ಹತ್ತುವ ದಾರಿಯಲ್ಲಿ ಅಂತೀಯಾ ಒಂದು ಕಲ್ಲು ಒದೆಯುತ್ತಾ ಮುಂದೆ ಹೋಗುತ್ತಿದ್ದಳು. ಹಿಂದೆ ಸಬೇಲಾ. ಈ ಮಗುವಿನ ವಿಷಯದಲ್ಲಿ ಅವಳು ಹೆದರದ ದಿನವಿಲ್ಲ. ಮೀನಿನ ಮುಳ್ಳು ಗಂಟಲಿಗೆ ಸಿಕ್ಕೀತೆಂದು ಬೆರಳಲ್ಲೇ ಹಿಸುಕಿ ಹಿಸುಕಿ ತಿನ್ನಿಸಿದವಳು. ಮೆಟ್ಟಿಲ ಕಂಬಿಗೆ ಬಲೆ ಕಟ್ಟಿಸಿದವಳು. ಪ್ಲಗ್ ತೂತುಗಳಿಗೆಲ್ಲ ಮುಚ್ಚಳ ಹಾಕಿದವಳು. ರಾತ್ರಿ ಎರಡು ಸಲ ಎದ್ದು ಮಗಳ ಮೂಗಿನ ಹತ್ತಿರ ಕೈ ಹಿಡಿದು ಉಸಿರು ನೋಡುವವಳು. ಇಷ್ಟೆಲ್ಲ ಕಾದು, ಇದೊಂದನ್ನು ಕಾಣದೆ ಹೋದೆನಲ್ಲ! ಇವತ್ತು ಇನ್ನೊಂದು ಮಗುವಿನ ಬೆರಳು. ನಾಳೆ ಏನು? ಹತ್ತು ವರ್ಷ ಕಳೆದ ಮೇಲೆ ಯಾವನೋ ಒಬ್ಬ ಇವಳ ಕೈ ತಿರುಚಿದರೆ? ಇವಳೂ ಕಣ್ಣು ಒರೆಸಿಕೊಂಡು, ಆಮೇಲೆ ಸರಿಹೋಗುತ್ತದೆ ಎಂದು ಕಾಯುತ್ತ ಕೂರುತ್ತಾಳೆಯೇ?

ಅವಳಿಗೆ ಇದನ್ನು ಕಲಿಸಿದವಳು ತಾನೇ. ಮೂವತ್ತು ವರ್ಷದ ಬಾಳಿನಲ್ಲಿ ಸಬೇಲಾ ಕಷ್ಟಪಟ್ಟು ಕಲಿತದ್ದು ಒಂದೇ ವಿದ್ಯೆ. ಮಗಳನ್ನು ಹಾಳು ಮಾಡಿದ್ದು ಅದೇ ವಿದ್ಯೆ.

ಸಬೇಲಾ ಡಬ್ಬಿಮೀನಿನ ಕಾರ್ಖಾನೆಯವಳು. ಅವಳ ತಾಯಿಯೂ ಅಲ್ಲೇ ದುಡಿದು ಬೆನ್ನು ಬಗ್ಗಿಸಿಕೊಂಡವಳು. ಬೆಳಿಗ್ಗೆ ಆರರಿಂದ ಎರಡರವರೆಗೆ ಉದ್ದನೆಯ ಮೇಜಿನ ಎರಡೂ ಬದಿ ನಿಂತ ಹೆಂಗಸರು ಕತ್ತರಿಯಲ್ಲಿ ಮೀನಿನ ತಲೆ ಉರುಳಿಸುತ್ತಾರೆ, ಬಾಲ ಕತ್ತರಿಸುತ್ತಾರೆ, ಒಂದರ ಪಕ್ಕ ಒಂದು ತಿರುಗಿಸಿ ಡಬ್ಬಿಯಲ್ಲಿ ಮಲಗಿಸುತ್ತಾರೆ. ಬಾಯಲ್ಲಿ ಊರ ಸುದ್ದಿ, ಕೈಯಲ್ಲಿ ರಕ್ತ. ಮೇಜಿನಿಂದ ತೊಟ್ಟಿಕ್ಕುವ ಕೆಂಪು ನೀರು ಬೂಟಿನ ಸುತ್ತ ಹರಿಯುತ್ತದೆ. ಕಣ್ಣು ಮುಚ್ಚಿ ಮಾಡಿದರೂ ಕೈ ತಪ್ಪದಷ್ಟು ಅಭ್ಯಾಸ.

ಗಂಡ ಬ್ರೈಸ್ ಹಡಗು ಕಟ್ಟೆಯಲ್ಲಿ ವೆಲ್ಡರ್. ಜನರ ನಡುವೆ ನಗಿಸುವವನು, ಯಾರಿಗಾದರೂ ಮನೆ ಬದಲಾಯಿಸುವುದಿದ್ದರೆ ಮೊದಲು ಹೆಗಲು ಕೊಡುವವನು. ಮನೆಗೆ ಬಂದರೆ ಬೇರೆಯೇ ಮನುಷ್ಯ. ಅಂತೀಯಾಗೆ ಮೂರೂವರೆಯಾಗಿದ್ದಾಗ ಒಂದು ಗುರುವಾರ ಮಧ್ಯಾಹ್ನ, ಸೊಪ್ಪಿನ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಪಾತ್ರೆಯನ್ನೇ ಗೋಡೆಗೆ ಎಸೆದ. ಆಮೇಲೆ ಸಬೇಲಾಳ ಜುಟ್ಟು ಹಿಡಿದು ತಲೆಯನ್ನು ಫ್ರಿಜ್ಜಿನ ಹಿಡಿಕೆಗೆ ಎರಡು ಸಲ ಬಡಿದ. ಮೇಜಿನ ಕೆಳಗೆ ಕೂತಿದ್ದ ಮಗಳು ಎಲ್ಲ ನೋಡಿದಳು. ಆಮೇಲೆ ಎರಡು ದಿನ ಬಾಯಿ ಬಿಡಲಿಲ್ಲ. ಕರೆದರೆ ತಿರುಗಲಿಲ್ಲ. ಕೂತಲ್ಲೇ ಉಚ್ಚೆ ಮಾಡಿಕೊಂಡಳು.

ಶನಿವಾರ ಬೆಳಿಗ್ಗೆ ಸಬೇಲಾ ಅವಳನ್ನು ಎತ್ತಿಕೊಂಡು ಬೀದಿಯ ಕೆಳಗಿನ, ಕಾಫಿ ತಿಂಡಿಯೂ ಸಿಗುವ ಬಾರಿಗೆ ಬಿಸಿ ಚಾಕೊಲೇಟ್ ಕುಡಿಸಲು ಹೋದಳು. ಮೂಲೆಯ ಮೇಜು ಸೆನ್ಯೋರ್ ಎಲಾದಿಯೊನದು. ಮೂವತ್ತು ವರ್ಷ ಕೊಲ್ಲಿ ದಾಟಿಸುವ ದೋಣಿಯಲ್ಲಿ ಹಗ್ಗ ಎಳೆದ ಮುದುಕ. ಈಗ ಇಡೀ ದಿನ ಇಸ್ಪೀಟು ಕಲೆಸುತ್ತ ಕೂರುತ್ತಿದ್ದ. ತಲೆಗೆ ಕಟ್ಟು ಕಟ್ಟಿಕೊಂಡ ತಾಯಿಯನ್ನೂ ಕಲ್ಲಿನಂತೆ ಕೂತ ಮಗುವನ್ನೂ ಒಮ್ಮೆ ನೋಡಿದ. ಒಂದು ಎಲೆ ತೆಗೆದ. ಆ ಊರಿನ ಇಸ್ಪೀಟಿನಲ್ಲಿ ಬಟ್ಟಲು, ನಾಣ್ಯ, ಕತ್ತಿ, ದೊಣ್ಣೆ ಎಂದು ನಾಲ್ಕು ಬಣ್ಣ; ಈ ಎಲೆಯಲ್ಲಿ ಬಟ್ಟಲು ಹಿಡಿದ ಕುದುರೆ ಸವಾರನಿದ್ದ. ಮೂಲೆ ಹರಿದು ಮಗುವಿನ ಅಂಗೈಯಲ್ಲಿಟ್ಟ. "ಇದು ನಿನ್ನ ಹತ್ರ ಭದ್ರವಾಗಿರ್ಲಿ," ಎಂದ. ಉಳಿದದ್ದನ್ನು ಚರ್ ಚರ್ ಎಂದು ನಾಲ್ಕಾಗಿ ಹರಿದ. ಮುಷ್ಟಿ ಕಟ್ಟಿ, ಊದಿ, ಬಿಚ್ಚಿದ. ಎಲೆ ಇಡಿಯಾಗಿತ್ತು. ಮೂಲೆಯಲ್ಲಿ ಮಾತ್ರ ಒಂದು ಚೂರು ಕಮ್ಮಿ. ಮಗುವಿನ ಕೈಯಲ್ಲಿದ್ದ ಚೂರು ಇಟ್ಟು ನೋಡಿದರೆ ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿತು.

"ಕುದ್ರೆ ಸತ್ತಿಲ್ಲ!" ಎಂದಳು ಅಂತೀಯಾ. ಎರಡು ದಿನದಲ್ಲಿ ಮೊದಲ ಮಾತು.

ಸಬೇಲಾ ಅಲ್ಲೇ ಅತ್ತುಬಿಟ್ಟಳು. ಸೋಮವಾರ ಶಿಫ್ಟು ಮುಗಿಸಿ ನೇರವಾಗಿ ಆ ಮೇಜಿಗೆ ಬಂದಳು. "ನಂಗೆ ಅದೊಂದು ಕಲಿಸಿಕೊಡಿ."

"ಅಲ್ಲಿಂದ ಯಾರೂ ಶುರು ಮಾಡಲ್ಲ ತಾಯಿ. ಮೊದಲು ಎಲೆ ಹಿಡಿಯೋದು ಕಲೀಬೇಕು, ಆಮೇಲೆ ಕಲೆಸೋದು..."

"ನಂಗೆ ಬೇಕಾಗಿರೋದು ಅದೊಂದೇ."

ಮುದುಕ ಅವಳ ಕೈ ಹಿಡಿದು ತಿರುಗಿಸಿ ನೋಡಿದ, ಮಾರುಕಟ್ಟೆಯಲ್ಲಿ ಮೀನು ನೋಡಿದ ಹಾಗೆ. "ಕೈ ಪರವಾಗಿಲ್ಲ. ವಾಸನೆ ಮಾತ್ರ ಕಷ್ಟ. ಎಲೆ ಎಲ್ಲಡಗಿದೆ ಅಂತ ನೋಡೋರಿಗೆ ಮೂಗೇ ಹೇಳಿಬಿಡತ್ತೆ."

ಏಳು ತಿಂಗಳು ಕಲಿತಳು. ದಿನಾ ಎರಡೂವರೆಯಿಂದ ಶಾಲೆ ಬಿಡುವ ತನಕ. ಒಂದೇ ಬಗೆಯ ಎರಡು ಕಟ್ಟು ಬೇಕು. ಜೋಡಿ ಎಲೆಯ ಮೂಲೆಯನ್ನು ಮೊದಲೇ ಹರಿದು, ಎಲೆಯನ್ನು ನಾಲ್ಕು ಮಡಿಕೆ ಮಾಡಿ ಹೆಬ್ಬೆರಳ ಬುಡದಲ್ಲಿ ಅಡಗಿಸಬೇಕು. ನೋಡುವವರ ಎದುರು ಹರಿದ ಮೂಲೆಯ ಬದಲು ಈ ಮೂಲೆಯನ್ನು ಅವರ ಕೈಗೆ ದಾಟಿಸಬೇಕು. ಹರಿದ ಚೂರುಗಳು ಒಳಕ್ಕೆ, ಇಡೀ ಎಲೆ ಹೊರಕ್ಕೆ. ಹೇಳಲು ಎರಡು ಮಾತು, ಮಾಡಲು ಹೋದರೆ ಬೆರಳಿಗೆ ಬೆರಳೇ ತೊಡಕು. ಎಲಾದಿಯೊ ಬೈಯುತ್ತಿದ್ದ: "ಅಯ್ಯೋ, ಹೆದರಿಕೊಂಡು ಹರೀಬೇಡ! ಜೋರಾಗಿ ಹರಿ. ಚರ್ ಅನ್ನೋ ಸದ್ದು ಕೇಳ್ಬೇಕು. ಸದ್ದು ಕೇಳಿದವರೇ ಆಮೇಲೆ ನಂಬೋದು."

ಅವನ ಕಟ್ಟಳೆಗಳು ಮೂರು. ಒಬ್ಬರಿಗೆ ಒಂದೇ ಸಲ ತೋರಿಸಬೇಕು. ಸಿಕ್ಕಿಹಾಕಿಸಬೇಕೆಂದು ಕಾದು ಕೂತವರಿಗೆ ತೋರಿಸಲೇಬಾರದು. ಹರಿದ ಚೂರುಗಳನ್ನು ಅವತ್ತೇ ಸುಡಬೇಕು. ಕೊನೆಯದನ್ನು ಹೇಳುವಾಗ ಅವನು ದನಿ ತಗ್ಗಿಸುತ್ತಿದ್ದ. "ಹರಿದದ್ದು ಹರಿದೇ ಇರತ್ತೆ, ಸಬೇಲಾ. ಇಡಿಯಾಗಿ ಬಂದದ್ದು ಬೇರೆ ಎಲೆ. ನೋಡೋರು ಮರೆತರೆ ಚೆನ್ನ. ಮಾಡೋರು ಮರೀಬಾರದು."

ಮೂರನ್ನೂ ಅವಳು ಮುರಿದಳು.

ಕಲಿತ ವರ್ಷವೇ ಕ್ರಿಸ್‌ಮಸ್ಸಿನ ಮರುದಿನ ಬ್ರೈಸ್ ಬೆಲ್ಟಿನ ಬಕಲಿನಿಂದ ಅವಳ ಬೆನ್ನು ಸುಲಿದ. ಅವನು ಹೊರಗೆ ಹೋದ ಮೇಲೆ ಸಬೇಲಾ ಮಗಳನ್ನು ಅಡುಗೆಮನೆಯ ಮೇಜಿಗೆ ಕರೆದು, ಎರಡು ಕತ್ತಿಯ ಎಲೆ ತೆಗೆದು, ಮೂಲೆ ಹರಿದು ಅವಳ ಕೈಯಲ್ಲಿಟ್ಟಳು. ಎಲೆ ಇಡಿಯಾಯಿತು. ಮಗು ನಕ್ಕಿತು. ಅವತ್ತು ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳಲಿಲ್ಲ. ಅದಾದ ಮೇಲೆ ಇದೇ ರೂಢಿಯಾಯಿತು. ಬಿಸಿ ಎಣ್ಣೆ ಮೊಣಕೈಗೆ ಬಿದ್ದ ದಿನ ಮೂರು ಬಟ್ಟಲು. ಬಾಗಿಲ ಸಂದಿಗೆ ಕೈ ಸಿಕ್ಕಿಸಿ ಒತ್ತಿದ ದಿನ ನಾಣ್ಯದ ರಾಜ. ಕತ್ತು ಹಿಸುಕಿ ಕಣ್ಣಲ್ಲಿ ರಕ್ತ ಇಳಿದ ದಿನ ಕತ್ತಿಯ ಗುಲಾಮ. ಅಪ್ಪ ಹೊಡೆಯುತ್ತಾನೆ, ಅಮ್ಮ ಮುಖ ತೊಳೆಯುತ್ತಾಳೆ, ಎಲೆ ಹರಿಯುತ್ತದೆ, ಎಲೆ ಕೂಡುತ್ತದೆ. ಮಗು ಮೂಲೆಯ ಚೂರುಗಳನ್ನೆಲ್ಲ ತನ್ನ ಪೆನ್ಸಿಲ್ ಡಬ್ಬಿಯಲ್ಲಿ ಕೂಡಿಡುತ್ತಿತ್ತು. ಬರಬರುತ್ತ ಅವಳು ಏಟಿನ ಸದ್ದಿಗೆ ಅಳುವುದನ್ನೇ ಬಿಟ್ಟಳು. ಬಾಗಿಲಲ್ಲಿ ನಿಂತು, ಎಲ್ಲ ಮುಗಿಯಲೆಂದು ಕಾಯುತ್ತಿದ್ದಳು. ಮಗು ಗಟ್ಟಿಯಾಗುತ್ತಿದೆ ಎಂದು ಸಬೇಲಾ ಸಮಾಧಾನಪಟ್ಟುಕೊಂಡಳು!

ಹರಿದ ಚೂರುಗಳನ್ನು ಅವಳು ಸುಡಲಿಲ್ಲ. ಏಕೆಂದು ಅವಳಿಗೂ ತಿಳಿಯದು. ಕಾರ್ಖಾನೆಯಿಂದ ತಂದ ದೊಡ್ಡ ಡಬ್ಬಿಯೊಂದಕ್ಕೆ ತುಂಬಿ, ಮೇಲಿನ ಕಪಾಟಿನಲ್ಲಿ ಬಟ್ಟೆಯ ಬ್ಲೀಚಿನ ಹಿಂದೆ ಇಟ್ಟಳು.

ನಿನ್ನೆ ಭಾನುವಾರ. ಬ್ರೈಸನ ಜೊತೆ ಕೆಲಸ ಮಾಡುವ ಮೌರೊ ಊಟಕ್ಕೆ ಬಂದಿದ್ದ. ಮೀನಿನ ಹೂರಣದ ರೊಟ್ಟಿ ಖಾಲಿಯಾಗಿ, ಕಾಫಿ ಬರುವ ಹೊತ್ತಿಗೆ ಅಂತೀಯಾ ಅತಿಥಿಯ ತೋಳು ಜಗ್ಗಿದಳು. "ಮೌರೊ ಮಾಮ, ನಮ್ಮಮ್ಮಂಗೆ ಮ್ಯಾಜಿಕ್ ಬರತ್ತೆ."

ಎರಡು ವರ್ಷ ಇದು ತಾಯಿ ಮಗಳ ಗುಟ್ಟಾಗಿತ್ತು.

"ಹೌದೇನೋ ಬ್ರೈಸ್? ಮನೇಲಿ ಮಾಟಗಾತಿ ಇಟ್ಕೊಂಡು ಸುಮ್ನಿದ್ದೀಯ!"

"ನಂಗೂ ಈಗ್ಲೇ ಗೊತ್ತಾಗಿದ್ದು," ಎಂದ ಬ್ರೈಸ್, ನಗುತ್ತ. "ತೋರಿಸೇ. ನಾವೂ ನೋಡೋಣ."

ತೋರಿಸದಿದ್ದರೆ ಒಂದು, ತೋರಿಸಿದರೆ ಇನ್ನೊಂದು. ಅವಳು ತೋರಿಸಿದಳು. ಬ್ರೈಸ್ ಕುರ್ಚಿ ಹತ್ತಿರ ಎಳೆದುಕೊಂಡು ಅವಳ ಬೆರಳುಗಳನ್ನು ರೆಪ್ಪೆ ಬಡಿಯದೆ ನೋಡಿದ. ಏನೂ ಸಿಗಲಿಲ್ಲ. ಎಲೆ ಇಡಿಯಾಯಿತು. ಮೌರೊ ಮೇಜು ಕುಟ್ಟಿ ನಕ್ಕ. "ಕಣ್ಣೆದುರೇ ಟೋಪಿ ಹಾಕಿದ್ಲಲ್ಲೋ! ಇನ್ನೂ ಏನೇನು ಟೋಪಿ ಹಾಕಿದ್ದಾಳೋ ನಿಂಗೆ, ವಿಚಾರಿಸ್ಕೋ."

ಬ್ರೈಸ್ ಸ್ನೇಹಿತನನ್ನು ಬೀದಿಯ ತನಕ ಕಳಿಸಿ ಬಂದ. ಬಾಗಿಲ ಚಿಲಕ ಹಾಕಿದ. ಕಿಟಕಿಯಿಂದ ಬಿಸಿಲು ಊಟದ ಮೇಜಿನ ಮೇಲೆ ಬಿದ್ದಿತ್ತು. ಕಟ್ಟಿನಿಂದ ದೊಣ್ಣೆಯ ಎಕ್ಕ ಹುಡುಕಿ ತೆಗೆದ. ಕೆಲಸದ ಅಂಗಿಯ ಜೇಬಿನಿಂದ ಕಬ್ಬಿಣದ ಮೇಲೆ ಗುರುತು ಹಾಕುವ ಪೆನ್ನು ತೆಗೆದು ಎಲೆಯ ತುಂಬ ಸಹಿ ಹಾಕಿದ. ಆಮೇಲೆ ತಾನೇ ಹರಿದ. ಎರಡು, ನಾಲ್ಕು, ಎಂಟು.

"ಜೋಡಿಸು."

"ಆಗಲ್ಲ ಬ್ರೈಸ್."

"ಮೌರೊ ಮುಂದೆ ಆಯ್ತಲ್ಲ?"

"ಅದು... ಅದು ಬೇರೆ ಎಲೆ."

"ಓಹೋ, ಬೇರೆ ಎಲೆ. ನನ್ನ ಮನೇಲಿ, ನನ್ನ ಮೇಜಿನ ಮೇಲೆ, ನನ್ನ ಸ್ನೇಹಿತನ ಮುಂದೆ ನಂಗೇ ಸುಳ್ಳು. ಎಲ್ಲಿ ಕಲಿತೆ? ಯಾರ ಹತ್ರ ಹೋಗ್ತಿದ್ದೆ?"

ಅವಳು ಉತ್ತರ ಹುಡುಕುವಷ್ಟರಲ್ಲಿ ಮೊದಲ ಏಟು ಕಿವಿಗೆ ಬಿತ್ತು. ಕುರ್ಚಿಯ ಸಮೇತ ಉರುಳಿದಳು. ಅವನು ಮಂಡಿಯಿಂದ ಎದೆ ಒತ್ತಿ ಹಿಡಿದು, ಚೂರುಗಳನ್ನು ಅವಳ ಬಾಯಿಗೆ ತುರುಕಿದ. "ತಿನ್ನು. ಒಳಗೆ ಹೋಗಿ ಜೋಡಿಸಿಕೊಳ್ಳಲಿ." ಹೊರಗೆ ಉಗುಳದ ಹಾಗೆ ದವಡೆಗೆ ಗುದ್ದಿದ. ತುಟಿ ಒಡೆಯಿತು, ರಟ್ಟಿನ ಅಂಚು ಒಸಡು ಸೀಳಿತು. ಆಮೇಲೆ ಅವಳ ಬಲಗೈ ಎತ್ತಿ ಮುಖದ ಹತ್ತಿರ ಹಿಡಿದು, ಪ್ರೀತಿಯಿಂದೆಂಬಂತೆ ಕೇಳಿದ. "ಈ ಬೆರಳಲ್ಲಿ ತಾನೇ ಅಡಗಿಸೋದು?"

ಹೆಬ್ಬೆರಳನ್ನು ನಿಧಾನವಾಗಿ ಹಿಂದಕ್ಕೆ ಒಯ್ದ. ತಡೆದು ನಿಂತ ಕಡೆ ಇನ್ನೊಂದಿಷ್ಟು ಒತ್ತಿದ. ಚರ್ ಎಂದಿತು. ಎಲಾದಿಯೊ ಬೇಕು ಬೇಕೆನ್ನುತ್ತಿದ್ದ ಅದೇ ಸದ್ದು.

ಬ್ರೈಸ್ ಎದ್ದು ಮುಖ ತೊಳೆದು, ಒಳಗೆ ಸೋಫಾದ ಮೇಲೆ ಬಿದ್ದುಕೊಂಡು ಫುಟ್‌ಬಾಲ್ ಹಾಕಿದ. ಸಬೇಲಾ ನೆಲದ ಮೇಲೆ ಕೂತು ಬಾಯಿಂದ ಚೂರುಗಳನ್ನು ಒಂದೊಂದಾಗಿ ತೆಗೆಯುತ್ತಿದ್ದಳು. ಬಾಗಿಲಲ್ಲಿ ಕಾಯುತ್ತಿದ್ದ ಅಂತೀಯಾ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತಳು. ಅಮ್ಮನ ಜೋತುಬಿದ್ದ ಬೆರಳನ್ನು ನೋಡಿದಳು. ತನ್ನ ಅಂಗೈ ಚಾಚಿದಳು.

"ಅಮ್ಮ, ಯಾವ ಮೂಲೆ ಹಿಡ್ಕೊಳ್ಳಲಿ?"

ಸಬೇಲಾ ಆ ಕೈಯನ್ನು ಮಡಿಲಲ್ಲಿ ಮುಚ್ಚಿಕೊಂಡಳು. ಹೇಳಿದ್ದು ಇಷ್ಟು: "ನಾಳೆ ಪುಟ್ಟಿ. ನಾಳೆ ಸರಿ ಮಾಡ್ತೀನಿ."

ಆ ಮಾತನ್ನು ನಂಬಿಯೇ ಮಗು ಇವತ್ತು ಶಾಲೆಗೆ ಹೋಗಿತ್ತು.

ಇವತ್ತು ಬೆಳಿಗ್ಗೆ ಆರೋಗ್ಯ ಕೇಂದ್ರದಲ್ಲಿ ಪಟ್ಟಿ ಕಟ್ಟಿದ ನರ್ಸು, ದಪ್ಪ ಕನ್ನಡಕದ ವಯಸ್ಸಾದ ಹೆಂಗಸು, ಮುಚ್ಚಳದ ಕಥೆ ಪೂರ್ತಿ ಕೇಳಿಸಿಕೊಂಡಿದ್ದಳು. "ಮುಚ್ಚಳ ಬಿದ್ರೆ ಜಜ್ಜತ್ತಮ್ಮ, ಹಿಂದಕ್ಕೆ ಮುರಿಯಲ್ಲ," ಎಂದು ಒಂದು ಚೀಟಿಯಲ್ಲಿ ಮೂರು ಅಂಕಿ ಬರೆದಳು: ಸೊನ್ನೆ, ಒಂದು, ಆರು. "ಮನೇಲಿ ಏಟು ತಿನ್ನೋ ಹೆಂಗಸ್ರಿಗೆ ಸಹಾಯ ಮಾಡೋ ಫೋನ್ ನಂಬರು ಇದು. ಬಿಲ್ಲಲ್ಲಿ ಬರಲ್ಲ. ನಿನ್ ಫೋನಲ್ಲಿ ಮಾತ್ರ ಉಳಿಯತ್ತೆ, ಅದನ್ನ ಅಳಿಸ್ಬಿಡು." ಸಬೇಲಾ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ, ರೂಢಿಯಂತೆ ಅಂಗೈಯಲ್ಲಿ ಅಡಗಿಸಿಕೊಂಡು ಹೊರಬಂದಿದ್ದಳು.

ಮನೆ ಸೇರಿದಾಗ ಐದಕ್ಕೆ ಹತ್ತು ನಿಮಿಷವಿತ್ತು. ಬ್ರೈಸ್ ಬರುವುದು ಆರಕ್ಕೆ. ಅಂತೀಯಾ ಚೀಲ ಇಳಿಸಿದವಳೇ ಪೆನ್ಸಿಲ್ ಡಬ್ಬಿ ತಂದು ಅಡುಗೆಮನೆಯ ಮೇಜಿನ ಮೇಲಿಟ್ಟಳು.

"ನಾಳೆ ಅಂದಿದ್ದೆ. ಇವತ್ತೇ ನಾಳೆ. ಮೊದ್ಲು ನಿನ್ ಬೆರಳು ಸರಿ ಮಾಡು. ಆಮೇಲೆ ಉಶೀಯಾದು. ನಾನು ಪ್ರಾಮಿಸ್ ಮಾಡಿದ್ದೀನಿ."

ಇನ್ನೊಂದು ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಸಬೇಲಾ ಅದನ್ನು ನುಂಗಿದಳು. ಕುರ್ಚಿ ಹತ್ತಿ, ಬ್ಲೀಚಿನ ಹಿಂದಿನಿಂದ ಡಬ್ಬಿ ಇಳಿಸಿ, ಮೇಜಿನ ಮೇಲೆ ಬೋರಲು ಹಾಕಿದಳು. ಚೂರುಗಳು ರಾಶಿಯಾಗಿ ಬಿದ್ದವು. ನಿನ್ನೆ ಬಾಯಿಂದ ತೆಗೆದವು ಕಂದು ರಕ್ತದಿಂದ ಒಂದಕ್ಕೊಂದು ಅಂಟಿದ್ದವು.

ಅಂತೀಯಾ ಒಂದು ಚೂರು ಎತ್ತಿದಳು, ಇನ್ನೊಂದು, ಮತ್ತೊಂದು. ಪಕ್ಕಪಕ್ಕ ಇಟ್ಟಳು. "ಇದು ಮೂರು ಬಟ್ಟಲು. ಇದನ್ನ ನೀನು ಸರಿ ಮಾಡಿದ್ದೆ."

"ಇಲ್ಲ ಪುಟ್ಟಿ. ಅದು ಹರಿದೇ ಇತ್ತು. ನಿಂಗೆ ತೋರಿಸಿದ್ದು ಬೇರೆ ಎಲೆ."

"ನಾಣ್ಯದ ರಾಜ?"

"ಅದೂ ಹರಿದೇ ಇತ್ತು."

ಮಗು ಕೈ ಚಾಚಿ ಅಮ್ಮನ ಕೂದಲೊಳಗೆ ತಡಕಿ, ಫ್ರಿಜ್ಜಿನ ಹಿಡಿಕೆ ಸೀಳಿದ ಜಾಗದ ಉಬ್ಬನ್ನು ಮುಟ್ಟಿತು. "ಇದು?"

"ಇದೂ. ಯಾವತ್ತೂ ಏನೂ ಸರಿ ಆಗಿರ್ಲಿಲ್ಲ. ನಂಗೆ ಬರಲ್ಲ. ಯಾರಿಗೂ ಬರಲ್ಲ."

ಪೆನ್ಸಿಲ್ ಡಬ್ಬಿ ಗಾಳಿಯಲ್ಲಿ ಬಂದದ್ದು ಅವಳಿಗೆ ಕಾಣಲಿಲ್ಲ. ತಗಡಿನ ಅಂಚು ನೇರವಾಗಿ ನಿನ್ನೆಯ ಗಾಯದ ಮೇಲೆ ಬಿತ್ತು. ತುಟಿ ಮತ್ತೆ ಒಡೆದು ರಕ್ತ ಗಲ್ಲಕ್ಕೆ ಇಳಿಯಿತು. ಮೂಲೆ ಚೂರುಗಳು ನೆಲದ ತುಂಬ ಚೆಲ್ಲಿದವು. "ಸುಳ್ಳಿ! ಸುಳ್ಳಿ!" ಎಂದು ಕಿರುಚುತ್ತ ಅಂತೀಯಾ ಎರಡೂ ಮುಷ್ಟಿಯಿಂದ ಅವಳ ಹೊಟ್ಟೆಗೆ, ಎದೆಗೆ ಗುದ್ದಿದಳು. ಅದು ಬ್ರೈಸನದೇ ವರಸೆ, ಅದೇ ಭುಜ ಹಿಂದಕ್ಕೆಳೆದು ಬರುವ ಏಟು. ಸಬೇಲಾ ಕೈ ಅಡ್ಡ ಹಿಡಿಯಲಿಲ್ಲ. ಗುದ್ದಿ ಗುದ್ದಿ ಸಾಕಾಗಿ ಮಗು ತಲೆಯೆತ್ತಿ ಅಮ್ಮನ ಗಲ್ಲದ ರಕ್ತ ನೋಡಿತು. ಆಮೇಲೆ ತನ್ನ ಕೈ ನೋಡಿಕೊಂಡಿತು. ಮುಖ ನಿಧಾನವಾಗಿ ಸೊಟ್ಟಗಾಯಿತು.

"ಸರಿ ಮಾಡಮ್ಮ," ಎಂದಿತು ಸಣ್ಣ ದನಿಯಲ್ಲಿ. ಎರಡು ವರ್ಷದಲ್ಲಿ ಸಬೇಲಾ ಆ ಕಣ್ಣಲ್ಲಿ ಹೆದರಿಕೆ ಕಂಡದ್ದು ಇದೇ ಮೊದಲು.

"ಆಗಲ್ಲ ಕಂದ. ಇನ್ನು ಮುರಿಯದ ಹಾಗೆ ನೋಡ್ಕೋಬಹುದು, ಅಷ್ಟೇ."

ಅಂತೀಯಾ ಅಳತೊಡಗಿದಳು. ಬಾಯಿ ದೊಡ್ಡದಾಗಿ ತೆರೆದು, ಸಿಂಬಳ ಸುರಿಸಿಕೊಂಡು, ಚಿಕ್ಕ ಮಕ್ಕಳು ಅಳುವ ಹಾಗೆ. ಸಬೇಲಾ ಅವಳನ್ನು ಎಡತೋಳಲ್ಲಿ ಎಳೆದುಕೊಂಡು ಕೂತಳು. ಗಡಿಯಾರದಲ್ಲಿ ಐದೂ ಹದಿನೈದು. ಚೀಟಿ ಬಿಚ್ಚಿ ಮೇಜಿನ ಮೇಲೆ, ಚೂರುಗಳ ನಡುವೆ ಇಟ್ಟಳು. ಅಭ್ಯಾಸವಿಲ್ಲದ ಎಡಗೈಯಲ್ಲಿ ಮೂರು ಅಂಕಿ ಒತ್ತಲು ಎರಡು ಸಲ ತಪ್ಪಿದಳು.

ಎರಡನೆಯ ರಿಂಗಿಗೇ ಒಂದು ಹೆಣ್ಣು ದನಿ ಬಂತು. "ಹೇಳಿ, ಕೇಳಿಸ್ಕೊಳ್ತಿದ್ದೀನಿ. ಈಗ ಮಾತಾಡೋಕೆ ತೊಂದರೆ ಇಲ್ವಾ?"

"ಆರು ಗಂಟೆ ತನಕ ಇಲ್ಲ."

"ನೀವೊಬ್ರೇನಾ?"

"ಮಗಳಿದ್ದಾಳೆ. ಆರು ವರ್ಷ. ಅವಳಿಗೆ ಎಲ್ಲ ಗೊತ್ತು."

"ಆರಕ್ಕೆ ಮುಂಚೆ ನಿಮ್ಮಿಬ್ಬರನ್ನೂ ಅಲ್ಲಿಂದ ಹೊರಡಿಸೋಣ. ಮೊದಲು ಒಂದು ಕೇಳ್ತೀನಿ. ಹೊಡೆದಿದ್ದು ಇದೇ ಮೊದಲಾ, ಹಿಂದೆಯೂ ಆಗಿತ್ತಾ? ನೆನಪಿದ್ದಷ್ಟು ಹೇಳಿ ಸಾಕು."

ಸಬೇಲಾ ಮೇಜಿನ ಮೇಲಿನ ರಾಶಿ ನೋಡಿದಳು. ಅಂತೀಯಾ ಬಿಕ್ಕುತ್ತಲೇ, ಒಂದೊಂದು ಎಲೆಯ ಚೂರುಗಳನ್ನು ಬೇರೆ ಬೇರೆ ಗುಂಪು ಮಾಡಿಡತೊಡಗಿದ್ದಳು.

"ನಾನು ಕೂಡಿಟ್ಟಿರೋದು ಇಪ್ಪತ್ತೇಳು," ಎಂದಳು ಸಬೇಲಾ. "ಒಂದೊಂದನ್ನೂ ಹೇಳ್ತೀನಿ, ಬರ್ಕೊಳ್ಳಿ. ಮೊದಲನೇದು ಎರಡು ಕತ್ತಿ. ಕ್ರಿಸ್‌ಮಸ್ಸಿನ ಮರುದಿನ..."